ಗಣಿತದ ಲಿಪಿಕಾರ ಲೈಬ್ನಿಟ್ಸ್

ರೇಖಾಗಣಿತದ ಪಾಠದಲ್ಲಿ ಎರಡು ತ್ರಿಭುಜಗಳು ಸಮರೂಪವಾಗಿವೆ ಎಂದು ಹೇಳಬೇಕಾದಾಗ ನಾವು ಅವುಗಳ ಹೆಸರುಗಳ ನಡುವೆ ಒಂದು ಸಣ್ಣ ಅಲೆಗೆರೆಯನ್ನು (∼) ಎಳೆಯುತ್ತೇವೆ. ಅವು ಸರ್ವಸಮವಾಗಿದ್ದರೆ ಆ ಅಲೆಗೆರೆಯ ಕೆಳಗೆ ಸಮಚಿಹ್ನೆಯನ್ನೂ ಸೇರಿಸುತ್ತೇವೆ (≅). ಕರಿಹಲಗೆಯ ಮೇಲೆ ಇದನ್ನು ಬರೆಯಲು ಕ್ಷಣಕಾಲ ಸಾಕು. ಆದರೆ ಈ ಪುಟ್ಟ ಗುರುತುಗಳು ತಾವಾಗಿಯೇ ಹುಟ್ಟಿದವಲ್ಲ. ಯಾರೋ ಒಬ್ಬರು ಅವುಗಳನ್ನು ಯೋಚಿಸಿ ರೂಪಿಸಿರಬೇಕು. ಬಳಿಕ ಮತ್ತಾರೋ ಅವುಗಳನ್ನು ಪುಸ್ತಕದಲ್ಲಿ ಅಚ್ಚುಮಾಡುವ ಬಗೆಯನ್ನು ಕಂಡುಕೊಂಡಿರಬೇಕು. ಚಿಹ್ನೆ ಚೆನ್ನಾಗಿದ್ದರೆ ಯೋಚನೆ ಸರಾಗವಾಗಿ ಸಾಗುತ್ತದೆ; ಚಿಹ್ನೆ ತೊಡಕಾಗಿದ್ದರೆ ಬುದ್ಧಿವಂತನೂ ಎಡವುತ್ತಾನೆ. ಈ ಸತ್ಯವನ್ನು ಮನಗಂಡು, ಗಣಿತಕ್ಕೆ ತಕ್ಕ ಲಿಪಿಯನ್ನು ಒದಗಿಸಲು ಬಾಳಿನುದ್ದಕ್ಕೂ ಶ್ರಮಿಸಿದ ಮಹಾನುಭಾವನೇ ಗಾಟ್‌ಫ್ರೀಡ್ ವಿಲ್‌ಹೆಲ್ಮ್ ಲೈಬ್ನಿಟ್ಸ್.

ಲೈಬ್ನಿಟ್ಸ್ 1646ನೆಯ ಇಸವಿ ಜುಲೈ 1ರಂದು ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಜನಿಸಿದನು. ಆಗ ಜರ್ಮನಿಯು ಮೂವತ್ತು ವರ್ಷಗಳ ಯುದ್ಧದ ಬೇಗೆಯಲ್ಲಿ ಬೆಂದು ಬಸವಳಿದಿತ್ತು. ಆ ಯುದ್ಧ ಕೊನೆಗೊಂಡದ್ದು 1648ರಲ್ಲಿ. ಲೈಬ್ನಿಟ್ಸನ ತಂದೆ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ನೀತಿಶಾಸ್ತ್ರದ ಪ್ರಾಧ್ಯಾಪಕನಾಗಿದ್ದನು. ಮಗನಿಗೆ ಆರು ವರ್ಷ ತುಂಬಿದಾಗ ತಂದೆ ತೀರಿಕೊಂಡನು. ಆತ ಬಿಟ್ಟುಹೋದ ಆಸ್ತಿಯಲ್ಲಿ ಬೆಲೆಬಾಳುವುದು ಒಂದು ಪುಸ್ತಕಭಂಡಾರ. ಅದರ ಬಾಗಿಲು ಬಾಲಕನಿಗೆ ತೆರೆದಾಗ ಅವನ ಮುಂದೆ ಒಂದು ಹೊಸ ಲೋಕವೇ ತೆರೆದಂತಾಯಿತು. ಲ್ಯಾಟಿನ್ ಭಾಷೆಯನ್ನು ಅವನು ಬಹುಮಟ್ಟಿಗೆ ತಾನಾಗಿಯೇ ಕಲಿತನು. ಚಿತ್ರಗಳಿದ್ದ ಒಂದು ಚರಿತ್ರೆಯ ಗ್ರಂಥವನ್ನು ಮುಂದಿಟ್ಟುಕೊಂಡು, ಚಿತ್ರವನ್ನೂ ಅದರ ಕೆಳಗಿನ ಮಾತನ್ನೂ ಹೊಂದಿಸಿ ನೋಡುತ್ತ ಅರ್ಥ ಬಿಡಿಸಿಕೊಂಡನು. ಗುರುತಿನಿಂದ ಅರ್ಥಕ್ಕೆ ದಾರಿ ಹುಡುಕುವ ಈ ಅಭ್ಯಾಸ ಅವನನ್ನು ಕೊನೆಯವರೆಗೂ ಬಿಡಲಿಲ್ಲ.

ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಲೈಬ್ನಿಟ್ಸ್ ವಿಶ್ವವಿದ್ಯಾನಿಲಯವನ್ನು ಸೇರಿ ತತ್ತ್ವಶಾಸ್ತ್ರವನ್ನೂ ನ್ಯಾಯಶಾಸ್ತ್ರವನ್ನೂ ಅಭ್ಯಾಸಮಾಡಿದನು. 1666ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಪರಿಕಲ್ಪನೆಗಳ ಜೋಡಣೆಯನ್ನು ಕುರಿತು ಒಂದು ಪುಸ್ತಕವನ್ನು ಪ್ರಕಟಿಸಿದನು. ಕೆಲವೇ ಅಕ್ಷರಗಳಿಂದ ಭಾಷೆಯ ಸಾವಿರಾರು ಪದಗಳು ಹುಟ್ಟುವಂತೆ, ಕೆಲವೇ ಮೂಲಭಾವನೆಗಳಿಂದ ಮನುಷ್ಯನ ಎಲ್ಲ ವಿಚಾರಗಳೂ ಹುಟ್ಟುತ್ತವೆಂಬುದು ಅವನ ನಂಬಿಕೆಯಾಗಿತ್ತು. ಆ ಮೂಲಭಾವನೆಗಳಿಗೆ ಒಂದೊಂದು ಚಿಹ್ನೆಯನ್ನು ಗೊತ್ತುಮಾಡಿದರೆ, ಲೆಕ್ಕ ಮಾಡಿದಷ್ಟು ಸುಲಭವಾಗಿ ವಿಚಾರಮಾಡಬಹುದೆಂದು ಅವನು ಬಗೆದನು. ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯ ಬಂದರೆ ಜಗಳವಾಡದೆ, ಲೇಖನಿ ಹಿಡಿದು ಲೆಕ್ಕ ಹಾಕಿ ತೀರ್ಮಾನಿಸುವ ಕಾಲ ಬರಲಿ ಎಂಬುದು ಅವನ ಕನಸಾಗಿತ್ತು. ಆ ಕನಸು ಪೂರ್ಣವಾಗಿ ನನಸಾಗಲಿಲ್ಲ. ಆದರೆ ಗಣಿತದ ಮಟ್ಟಿಗೆ ಅದು ಅದ್ಭುತವಾದ ಫಲವನ್ನು ಕೊಟ್ಟಿತು.

ಲೈಪ್‌ಜಿಗ್ ವಿಶ್ವವಿದ್ಯಾನಿಲಯವು ಅವನಿಗೆ ಡಾಕ್ಟರ್ ಪದವಿಯನ್ನು ಕೊಡಲಿಲ್ಲ. ಅವನು ಆಲ್ಟ್‌ಡಾರ್ಫ್ ಎಂಬ ಊರಿನ ವಿಶ್ವವಿದ್ಯಾನಿಲಯಕ್ಕೆ ಹೋಗಿ ಆ ಪದವಿಯನ್ನು ಪಡೆದನು. ಅಲ್ಲಿ ಅಧ್ಯಾಪಕನಾಗುವ ಅವಕಾಶ ದೊರೆತರೂ ಅದನ್ನು ಒಪ್ಪದೆ ರಾಜಸೇವೆಯನ್ನು ಆರಿಸಿಕೊಂಡನು. 1672ರಲ್ಲಿ ರಾಜಕಾರ್ಯದ ನಿಮಿತ್ತ ಪ್ಯಾರಿಸ್ ನಗರಕ್ಕೆ ತೆರಳಿದನು. ಆ ಪ್ರಯಾಣ ಅವನ ಬಾಳಿನ ದಿಕ್ಕನ್ನೇ ಬದಲಿಸಿತು. ಅಲ್ಲಿ ಅವನಿಗೆ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸನ ಪರಿಚಯವಾಯಿತು. ಆಗ ಲೈಬ್ನಿಟ್ಸನಿಗೆ ತಿಳಿದಿದ್ದ ಗಣಿತ ಅಲ್ಪ. ಅವನ ಶಕ್ತಿಯನ್ನು ಪರೀಕ್ಷಿಸಲು ಹೈಗೆನ್ಸನು ಒಂದು ಲೆಕ್ಕವನ್ನು ಮುಂದಿಟ್ಟನು. ಒಂದು, ಮೂರನೆಯ ಒಂದು, ಆರನೆಯ ಒಂದು, ಹತ್ತನೆಯ ಒಂದು, ಹೀಗೆ ಕೊನೆಯಿಲ್ಲದೆ ಸಾಗುವ ಭಿನ್ನರಾಶಿಗಳನ್ನೆಲ್ಲ ಕೂಡಿದರೆ ಎಷ್ಟಾಗುತ್ತದೆ?

ಲೈಬ್ನಿಟ್ಸ್ ಇದನ್ನು ಬಿಡಿಸಿದ ರೀತಿಯನ್ನು ನೀವೂ ಅರಿತುಕೊಳ್ಳಬಹುದು. 1 ಎಂಬುದನ್ನು 1ರಿಂದ 1/2ನ್ನು ಕಳೆದು ಬಂದುದರ ಎರಡರಷ್ಟು ಎಂದು ಬರೆಯಬಹುದು. 1/3 ಎಂಬುದು 1/2ರಿಂದ 1/3ನ್ನು ಕಳೆದು ಬಂದುದರ ಎರಡರಷ್ಟು. 1/6 ಎಂಬುದು 1/3ರಿಂದ 1/4ನ್ನು ಕಳೆದು ಬಂದುದರ ಎರಡರಷ್ಟು. ಹೀಗೆ ಬರೆದು ಎಲ್ಲವನ್ನೂ ಕೂಡಿದಾಗ ಒಂದು ಪದದಲ್ಲಿ ಕಳೆದದ್ದು ಮುಂದಿನ ಪದದಲ್ಲಿ ಕೂಡಿಕೊಂಡು, ನಡುವಿನ ರಾಶಿಗಳೆಲ್ಲ ಅಳಿಸಿಹೋಗುತ್ತವೆ. ಉಳಿಯುವುದು ಮೊದಲಿನ 1ರ ಎರಡರಷ್ಟು, ಅಂದರೆ 2. ಉತ್ತರಕ್ಕಿಂತಲೂ ಮಿಗಿಲಾದ ಒಂದು ತತ್ತ್ವ ಲೈಬ್ನಿಟ್ಸನಿಗೆ ಇಲ್ಲಿ ಹೊಳೆಯಿತು. ಕೂಡುವುದು ಮತ್ತು ವ್ಯತ್ಯಾಸವನ್ನು ಕಾಣುವುದು ಒಂದಕ್ಕೊಂದು ವಿಲೋಮವಾದ ಕ್ರಿಯೆಗಳು. ವ್ಯತ್ಯಾಸಗಳು ಗೊತ್ತಿದ್ದರೆ ಮೊತ್ತ ಕೈಗೆ ಸಿಕ್ಕಿದಂತೆಯೇ. ಇದೇ ತತ್ತ್ವವನ್ನು ವಕ್ರರೇಖೆಗಳಿಗೆ ಅನ್ವಯಿಸಿದಾಗ ಕಲನಶಾಸ್ತ್ರವು ರೂಪುಗೊಂಡಿತು.

1675ರ ಅಕ್ಟೋಬರ್ 29ರಂದು ಲೈಬ್ನಿಟ್ಸ್ ತನ್ನ ಟಿಪ್ಪಣಿಯ ಹಾಳೆಯೊಂದರಲ್ಲಿ ಒಂದು ಹೊಸ ಗುರುತನ್ನು ಬರೆದನು. ಮೊತ್ತ ಎಂಬುದಕ್ಕೆ ಲ್ಯಾಟಿನ್ ಭಾಷೆಯಲ್ಲಿ ಸುಮ್ಮಾ ಎನ್ನುತ್ತಾರೆ. ಆ ಪದದ ಮೊದಲ ಅಕ್ಷರವಾದ ‘ಎಸ್’ ಅನ್ನು, ಆ ಕಾಲದ ಬರವಣಿಗೆಯ ರೂಢಿಯಂತೆ ಉದ್ದವಾಗಿ ಎಳೆದು, ಕೂಡುವಿಕೆಯ ಗುರುತಾಗಿ (∫) ಬಳಸಿದನು. ಅದೇ ಇಂದಿನ ಅನುಕಲನದ ಚಿಹ್ನೆ. ಎರಡು ವಾರಗಳೊಳಗೆ ವ್ಯತ್ಯಾಸದ ಗುರುತೂ ಸಿದ್ಧವಾಯಿತು. ಮೊದಲು ಅವನು ರಾಶಿಯ ಕೆಳಗೆ ಗೆರೆಯೆಳೆದು, ಭಿನ್ನರಾಶಿಯ ರೂಪದಲ್ಲಿ ‘ಡಿ’ ಎಂಬ ಅಕ್ಷರವನ್ನು ಬರೆಯುತ್ತಿದ್ದನು. ಬಳಿಕ ಆ ಅಕ್ಷರವನ್ನು ಮೇಲಕ್ಕೆತ್ತಿ ರಾಶಿಯ ಎಡಕ್ಕೆ, ಅದೇ ಸಾಲಿನಲ್ಲಿ ಇಟ್ಟನು. ಎರಡು ಅಂತಸ್ತಿನಲ್ಲಿದ್ದ ಬರೆಹ ಒಂದೇ ಸಾಲಿಗೆ ಇಳಿಯಿತು. ಇದು ಸಣ್ಣ ಮಾರ್ಪಾಟೆಂದು ತೋರಬಹುದು. ಆದರೆ ಅದರ ಬೆಲೆಯನ್ನು ತಿಳಿಯಬೇಕಾದರೆ ಆ ಕಾಲದ ಅಚ್ಚುಕೂಟದೊಳಕ್ಕೆ ಒಮ್ಮೆ ಹೋಗಿ ನೋಡಬೇಕು.

ಆಗ ಪ್ರತಿಯೊಂದು ಅಕ್ಷರಕ್ಕೂ ಸೀಸದ ಮಿಶ್ರಲೋಹದಿಂದ ಎರಕಹೊಯ್ದ ಒಂದೊಂದು ಅಚ್ಚುಮೊಳೆ ಇರುತ್ತಿತ್ತು. ಮೊಳೆ ಜೋಡಿಸುವವನು ಮರದ ಗೂಡುಗಳಿಂದ ಅವನ್ನು ಒಂದೊಂದಾಗಿ ಆಯ್ದು ಸಾಲಾಗಿ ನಿಲ್ಲಿಸುತ್ತಿದ್ದನು. ಮೊಳೆಯ ಮೇಲಿನ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿರುತ್ತಿತ್ತು. ಕಥೆಯಾಗಲಿ ಚರಿತ್ರೆಯಾಗಲಿ ಆದರೆ ಸಾಲಿನ ಮೇಲೆ ಸಾಲು ಜೋಡಿಸಿ ಮುಗಿಸಬಹುದು. ಗಣಿತ ಬಂತೆಂದರೆ ಅವನ ಕಷ್ಟ ಆರಂಭವಾಗುತ್ತಿತ್ತು. ಭಿನ್ನರಾಶಿಯಿದ್ದರೆ ಅಂಶವನ್ನು ಮೇಲೆ, ಛೇದವನ್ನು ಕೆಳಗೆ, ನಡುವೆ ಒಂದು ತೆಳ್ಳನೆಯ ಲೋಹದ ಪಟ್ಟಿಯನ್ನು ಕೂರಿಸಬೇಕು. ಹಲವು ಪದಗಳನ್ನು ಒಟ್ಟುಗೂಡಿಸಿ ತೋರಿಸಲು ಅಂದಿನ ಗಣಿತಜ್ಞರು ಅವುಗಳ ನೆತ್ತಿಯ ಮೇಲೆ ಉದ್ದವಾದ ಗೆರೆಯನ್ನು ಎಳೆಯುತ್ತಿದ್ದರು. ಅದಕ್ಕೆ ಮತ್ತೊಂದು ಪಟ್ಟಿ ಬೇಕು. ಸಾಲುಗಳ ನಡುವೆ ಉಳಿದ ಸಂದುಗಳನ್ನೆಲ್ಲ ಅಕ್ಷರವಿಲ್ಲದ ಖಾಲಿ ತುಂಡುಗಳಿಂದ ತುಂಬಬೇಕು. ಒಂದು ತುಂಡು ಸಡಿಲವಾದರೂ ಗೆರೆ ಜಾರಿ ಸಮೀಕರಣದ ಅರ್ಥವೇ ಕೆಡುತ್ತಿತ್ತು. ಗಣಿತದ ಅಚ್ಚು ದುಬಾರಿಯೂ ತಪ್ಪುಗಳಿಂದ ತುಂಬಿದ್ದೂ ಆಗಿದ್ದುದಕ್ಕೆ ಇದೇ ಕಾರಣ.

ಈ ಕಷ್ಟದ ರುಚಿ ಲೈಬ್ನಿಟ್ಸನಿಗೂ ತಗಲಿತು. 1676ರಲ್ಲಿ ಅವನು ಪ್ಯಾರಿಸ್ಸನ್ನು ಬಿಟ್ಟು ಹ್ಯಾನೋವರ್ ನಗರಕ್ಕೆ ಬಂದು ಅಲ್ಲಿನ ಅರಸನ ಸೇವೆಗೆ ನಿಂತನು. ಕಲನಶಾಸ್ತ್ರವನ್ನು ಕುರಿತ ಅವನ ಮೊದಲ ಲೇಖನ 1684ರ ಅಕ್ಟೋಬರ್ ತಿಂಗಳಿನಲ್ಲಿ ಲೈಪ್‌ಜಿಗ್ ನಗರದ ಆಕ್ಟಾ ಎರುಡಿಟೋರಮ್ ಎಂಬ ವಿದ್ವತ್ಪತ್ರಿಕೆಯಲ್ಲಿ ಪ್ರಕಟವಾಯಿತು. ಪುಟಗಳು ಕೆಲವೇ; ಆದರೆ ಅಚ್ಚಿನ ತಪ್ಪುಗಳು ಅನೇಕ. ಮೊದಲೇ ಗಹನವಾದ ವಿಷಯ ಇದರಿಂದ ಇನ್ನಷ್ಟು ದುರ್ಗಮವಾಯಿತು. 1686ರಲ್ಲಿ ಅನುಕಲನದ ಚಿಹ್ನೆಯೂ ಅದೇ ಪತ್ರಿಕೆಯಲ್ಲಿ ಮೊದಲ ಸಲ ಅಚ್ಚಾಯಿತು.

ಬೇರೊಬ್ಬನಾಗಿದ್ದರೆ ತಪ್ಪನ್ನೆಲ್ಲ ಅಚ್ಚುಕೂಟದವರ ಮೇಲೆ ಹೊರಿಸಿ ಸುಮ್ಮನಾಗುತ್ತಿದ್ದನೇನೋ. ಲೈಬ್ನಿಟ್ಸ್ ಹಾಗೆ ಮಾಡಲಿಲ್ಲ. ಮೊಳೆ ಜೋಡಿಸುವವನಿಗೆ ಸುಲಭವಾಗುವಂತಹ ಚಿಹ್ನೆಗಳನ್ನು ಆರಿಸುವುದು ಗಣಿತಜ್ಞನ ಹೊಣೆಯೆಂದು ತಿಳಿದನು. ಪದಗಳ ನೆತ್ತಿಯ ಮೇಲಿನ ಗೆರೆಗೆ ಬದಲಾಗಿ ಎರಡು ಪಕ್ಕಗಳಲ್ಲಿ ಆವರಣಗಳನ್ನು ಇಟ್ಟನು. ಭಾಗಾಕಾರಕ್ಕೆ ಒಂದರ ಮೇಲೊಂದು ಇರುವ ಎರಡು ಚುಕ್ಕೆಗಳನ್ನು (:) ಬಳಸಿ, ಅದನ್ನೂ ಒಂದೇ ಸಾಲಿಗೆ ತಂದನು. ಗುಣಾಕಾರಕ್ಕೆ ಆಗ ಬಳಕೆಯಲ್ಲಿದ್ದ ಅಡ್ಡಗೀಟಿನ ಗುರುತು (×) ಅವನಿಗೆ ಹಿಡಿಸಲಿಲ್ಲ. ಅಜ್ಞಾತರಾಶಿಯನ್ನು ಸೂಚಿಸುವ ‘ಎಕ್ಸ್’ ಅಕ್ಷರಕ್ಕೂ ಅದಕ್ಕೂ ಗೊಂದಲವಾಗುತ್ತದೆಂದು ಅವನು 1698ರಲ್ಲಿ ಯೋಹಾನ್ ಬರ್ನೂಲಿಗೆ ಪತ್ರ ಬರೆದು, ಒಂದು ಚುಕ್ಕೆಯೇ ಸಾಕೆಂದು ತಿಳಿಸಿದನು. ಆವರಣ, ಚುಕ್ಕೆ, ಜೋಡಿಚುಕ್ಕೆ ಇವೆಲ್ಲ ಅಚ್ಚುಕೂಟದ ಗೂಡುಗಳಲ್ಲಿ ಮೊದಲಿನಿಂದಲೂ ಇದ್ದ ಮೊಳೆಗಳು. ಹೊಸದಾಗಿ ಎರಕಹೊಯ್ಯಬೇಕಾದ ಕಷ್ಟವಿರಲಿಲ್ಲ. 1708ರಲ್ಲಿ ಆಕ್ಟಾ ಪತ್ರಿಕೆಯು ಇನ್ನು ಮುಂದೆ ಲೈಬ್ನಿಟ್ಸನ ಚಿಹ್ನೆಗಳನ್ನೇ ಬಳಸುವುದಾಗಿ ಪ್ರಕಟಿಸಿತು.

ಚಿಹ್ನೆಗಳ ವಿಷಯದಲ್ಲಿ ಅವನಿಗೆ ಹಟವಿರಲಿಲ್ಲ. ಒಂದು ಗುರುತನ್ನು ಬಳಸಿ ನೋಡಿ, ಒಗ್ಗದಿದ್ದರೆ ಕೈಬಿಟ್ಟು, ಮತ್ತೊಂದನ್ನು ಹುಡುಕುತ್ತಿದ್ದನು. ಗೆಳೆಯರಿಗೆ ಪತ್ರ ಬರೆದು ಅವರ ಅಭಿಪ್ರಾಯವನ್ನು ಕೇಳುತ್ತಿದ್ದನು. ಕೂಡುವಿಕೆಯ ಹೊಸ ಗಣಿತಕ್ಕೆ ಅನುಕಲನ ಎಂಬ ಅರ್ಥದ ಹೆಸರು ಇರಲೆಂದೂ, ಆ ಹೆಸರಿನ ಮೊದಲ ಅಕ್ಷರವೇ ಚಿಹ್ನೆಯಾಗಲೆಂದೂ ಬರ್ನೂಲಿ ಬಯಸಿದ್ದನು. ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಲೈಬ್ನಿಟ್ಸ್ ಬರ್ನೂಲಿಯ ಹೆಸರನ್ನು ಒಪ್ಪಿಕೊಂಡನು. ಬರ್ನೂಲಿ ಲೈಬ್ನಿಟ್ಸನ ಚಿಹ್ನೆಯನ್ನು ಒಪ್ಪಿಕೊಂಡನು. ಇಂದಿಗೂ ಆ ಹೆಸರೂ ಆ ಚಿಹ್ನೆಯೂ ಜೊತೆಯಾಗಿಯೇ ನಡೆದುಬಂದಿವೆ.

ರೇಖಾಗಣಿತಕ್ಕೂ ಇಂತಹ ಒಂದು ಲಿಪಿ ಬೇಕೆಂದು ಅವನು ಹಂಬಲಿಸಿದನು. ಬೀಜಗಣಿತವು ಪ್ರಮಾಣವನ್ನು ಮಾತ್ರ ಹೇಳುತ್ತದೆ. ಆಕೃತಿಯನ್ನೂ ಸ್ಥಾನವನ್ನೂ ನೇರವಾಗಿ ಹೇಳುವುದಿಲ್ಲ ಎಂಬುದು ಅವನ ಕೊರಗಾಗಿತ್ತು. 1679ರ ಹಸ್ತಪ್ರತಿಯೊಂದರಲ್ಲಿ ಅವನು ಸಮರೂಪತೆಗೆ ಅಲೆಗೆರೆಯನ್ನು ಬಳಸಿದನು. ಎರಡು ಆಕೃತಿಗಳು ಸರ್ವಸಮ ಎಂದರೆ ಏನು? ಅವುಗಳ ರೂಪವೂ ಒಂದೇ, ಅಳತೆಯೂ ಒಂದೇ ಎಂದಲ್ಲವೆ? ಆದಕಾರಣ ಅವನು ಅಲೆಗೆರೆಯೊಡನೆ ಒಂದು ನೇರ ಗೆರೆಯನ್ನು ಕೂಡಿಸಿ ಸರ್ವಸಮತೆಯ ಗುರುತನ್ನು ಮಾಡಿದನು. ಇಂದು ನಾವು ಎರಡು ನೇರ ಗೆರೆಗಳನ್ನು ಬಳಸುತ್ತೇವೆ; ಆದರೆ ಕಲ್ಪನೆ ಅದೇ. ಚಿಹ್ನೆಯನ್ನು ನೋಡಿದೊಡನೆ ವ್ಯಾಖ್ಯೆಯೇ ಕಣ್ಣಿಗೆ ಕಟ್ಟುತ್ತದೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಈ ಹೊಸ ಲಿಪಿಯ ಬಗ್ಗೆ ಅವನು ಹೈಗೆನ್ಸನಿಗೆ ಬರೆದನು. ತಾನು ಗುರುವೆಂದು ಭಾವಿಸಿದ್ದ ಹೈಗೆನ್ಸನೇ ಅದರಲ್ಲಿ ಉತ್ಸಾಹ ತೋರಲಿಲ್ಲ. ಆದರೂ ಲೈಬ್ನಿಟ್ಸ್ ಆ ಯೋಚನೆಯನ್ನು ಕೈಬಿಡಲಿಲ್ಲ.

ಅವನು ಗಣಿತವೊಂದಕ್ಕೇ ಅಂಟಿಕೊಂಡವನಲ್ಲ. ಗುಣಾಕಾರ, ಭಾಗಾಕಾರಗಳನ್ನೂ ಮಾಡಬಲ್ಲ ಲೆಕ್ಕದ ಯಂತ್ರವೊಂದನ್ನು ಯೋಜಿಸಿ, 1673ರಲ್ಲಿ ಅದರ ಮಾದರಿಯನ್ನು ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರ ಮುಂದೆ ಪ್ರದರ್ಶಿಸಿದ್ದನು. 0 ಮತ್ತು 1 ಎಂಬ ಎರಡೇ ಅಂಕಿಗಳಿಂದ ಎಲ್ಲ ಸಂಖ್ಯೆಗಳನ್ನೂ ಬರೆಯುವ ದ್ವಿಮಾನ ಪದ್ಧತಿಯನ್ನು ಬೆಳೆಸಿ, 1703ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ನಿರೂಪಿಸಿದನು. 1700ರಲ್ಲಿ ಬರ್ಲಿನ್ನಿನಲ್ಲಿ ಸ್ಥಾಪನೆಯಾದ ವಿದ್ವತ್ಸಂಸ್ಥೆಗೆ ಅವನೇ ಮೊದಲ ಅಧ್ಯಕ್ಷನಾದನು. ಹಾರ್ಟ್ಸ್ ಬೆಟ್ಟಗಳ ಗಣಿಗಳಿಂದ ಗಾಳಿಯಂತ್ರಗಳ ನೆರವಿನಿಂದ ನೀರನ್ನು ಹೊರಹಾಕಲು ಹಲವು ವರ್ಷ ಹೆಣಗಿ ಸೋತನು. ಅರಸನ ಮನೆತನದ ಚರಿತ್ರೆಯನ್ನು ಬರೆಯಲು ಒಪ್ಪಿಕೊಂಡು ಅದನ್ನು ಮುಗಿಸಲಾರದೆ ಹೋದನು. ಹತ್ತು ಕೆಲಸಗಳನ್ನು ಹಿಡಿದು ಹಲವನ್ನು ಅರ್ಧಕ್ಕೆ ಬಿಟ್ಟದ್ದು ಅವನ ಸ್ವಭಾವದ ಕೊರತೆಯೆಂದೇ ಹೇಳಬೇಕು.

ಅವನ ಕೊನೆಯ ವರ್ಷಗಳು ಕಹಿಯಾದುವು. ಇಂಗ್ಲೆಂಡಿನ ಐಸಾಕ್ ನ್ಯೂಟನ್ ಕಲನಶಾಸ್ತ್ರದ ತತ್ತ್ವಗಳನ್ನು 1665 ಮತ್ತು 1666ರಲ್ಲಿಯೇ ಕಂಡುಕೊಂಡಿದ್ದನು. ಆದರೆ ಬಹುಕಾಲ ಪ್ರಕಟಿಸಿರಲಿಲ್ಲ. ಲೈಬ್ನಿಟ್ಸ್ ಅದನ್ನು ಕದ್ದನೆಂಬ ಆಪಾದನೆ ಎದ್ದಿತು. ನ್ಯೂಟನ್ ಅಧ್ಯಕ್ಷನಾಗಿದ್ದ ರಾಯಲ್ ಸೊಸೈಟಿಯು 1712ರಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಸಮಿತಿಯ ತೀರ್ಪು ಲೈಬ್ನಿಟ್ಸನಿಗೆ ವಿರುದ್ಧವಾಗಿತ್ತು. ಅದರ ವರದಿಯನ್ನು ಸಿದ್ಧಪಡಿಸುವುದರಲ್ಲಿ ನ್ಯೂಟನ್ನನದೇ ಕೈಯಿತ್ತೆಂಬುದು ಬಳಿಕ ತಿಳಿದುಬಂದಿತು. ನ್ಯೂಟನ್ ಮೊದಲು ಕಂಡುಕೊಂಡನು, ಲೈಬ್ನಿಟ್ಸ್ ಸ್ವತಂತ್ರವಾಗಿ ಕಂಡುಕೊಂಡು ಮೊದಲು ಪ್ರಕಟಿಸಿದನು ಎಂಬುದನ್ನು ಇಂದು ಚರಿತ್ರಕಾರರು ಒಪ್ಪುತ್ತಾರೆ. ಆದರೆ ಈ ನ್ಯಾಯ ಲೈಬ್ನಿಟ್ಸನ ಜೀವಿತಕಾಲದಲ್ಲಿ ದೊರೆಯಲಿಲ್ಲ. ಜಗಳವಿಲ್ಲದೆ ಲೆಕ್ಕದಿಂದಲೇ ವಿವಾದಗಳನ್ನು ತೀರಿಸುವ ಕನಸು ಕಂಡವನು, ಲೆಕ್ಕದ ವಿಷಯದಲ್ಲಿಯೇ ಎದ್ದ ಜಗಳದಲ್ಲಿ ನೊಂದುಹೋದನು.

1714ರಲ್ಲಿ ಅವನ ಒಡೆಯನು ಇಂಗ್ಲೆಂಡಿನ ದೊರೆಯಾಗಿ ಲಂಡನ್ನಿಗೆ ಹೋದನು. ಚರಿತ್ರೆಯ ಕೆಲಸ ಮುಗಿಯದ ಕಾರಣ ಲೈಬ್ನಿಟ್ಸನನ್ನು ಹ್ಯಾನೋವರಿನಲ್ಲಿಯೇ ಉಳಿಸಲಾಯಿತು. 1716ರ ನವೆಂಬರ್ 14ರಂದು ಅವನು ತೀರಿಕೊಂಡನು. ಅಂತ್ಯಕ್ರಿಯೆಗೆ ಆಸ್ಥಾನದವರು ಬರಲಿಲ್ಲ. ಹಲವು ದಶಕಗಳ ಕಾಲ ಅವನ ಸಮಾಧಿಯ ಮೇಲೆ ಹೆಸರು ಕೂಡ ಇರಲಿಲ್ಲ. ಜಗತ್ತಿಗೆ ಇಷ್ಟೊಂದು ಗುರುತುಗಳನ್ನು ಕೊಟ್ಟವನ ಮಣ್ಣಿಗೆ ಒಂದು ಗುರುತೂ ಇಲ್ಲದೆ ಹೋಯಿತು.

ಆದರೆ ಅವನ ಚಿಹ್ನೆಗಳು ಸಾಯಲಿಲ್ಲ. ನ್ಯೂಟನ್ ಬಳಸಿದ್ದು ಅಕ್ಷರದ ನೆತ್ತಿಯ ಮೇಲೆ ಇಡುವ ಚುಕ್ಕೆಯನ್ನು. ಯೂರೋಪಿನ ಇತರ ದೇಶಗಳ ಗಣಿತಜ್ಞರು ಲೈಬ್ನಿಟ್ಸನ ಚಿಹ್ನೆಗಳನ್ನು ಹಿಡಿದು ವೇಗವಾಗಿ ಮುಂದುವರಿದರು. ಇಂಗ್ಲೆಂಡಿನವರು ಅಭಿಮಾನದಿಂದ ಚುಕ್ಕೆಗೇ ಅಂಟಿಕೊಂಡು, ಹೊರಗಿನ ಗಣಿತದ ಸಂಪರ್ಕವನ್ನು ಕಡಿದುಕೊಂಡು ಒಂದು ಶತಮಾನ ಕಾಲ ಹಿಂದುಳಿದರು. 1812ರಲ್ಲಿ ನ್ಯೂಟನ್ ಓದಿದ ಕೇಂಬ್ರಿಡ್ಜಿನಲ್ಲಿಯೇ ಚಾರ್ಲ್ಸ್ ಬ್ಯಾಬೇಜ್, ಜಾನ್ ಹರ್ಷೆಲ್, ಜಾರ್ಜ್ ಪೀಕಾಕ್ ಮೊದಲಾದ ತರುಣರು ಸಂಘವೊಂದನ್ನು ಕಟ್ಟಿ, ಲೈಬ್ನಿಟ್ಸನ ಚಿಹ್ನೆಗಳನ್ನು ತಮ್ಮ ನಾಡಿಗೆ ಬರಮಾಡಿಕೊಂಡರು.

ಕಾಲ ಉರುಳಿತು. ಸೀಸದ ಮೊಳೆಗಳ ಯುಗ ಮುಗಿಯುತ್ತ ಬಂದಿತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಡೊನಾಲ್ಡ್ ಕ್ನೂತ್ ಅವರು 1977ರಲ್ಲಿ ತಮ್ಮ ಗ್ರಂಥವೊಂದರ ಕರಡಚ್ಚನ್ನು ನೋಡಿ, ಅದರ ಅಂದಗೆಟ್ಟ ರೂಪಕ್ಕಾಗಿ ಬೇಸರಗೊಂಡರು. ಲೈಬ್ನಿಟ್ಸನಂತೆ ಅವರೂ ದೂರುತ್ತ ಕೂರಲಿಲ್ಲ. ಗಣಿತವನ್ನು ಚೆಲುವಾಗಿ ಜೋಡಿಸಬಲ್ಲ ಟೆಕ್ ಎಂಬ ಗಣಕ ವ್ಯವಸ್ಥೆಯನ್ನು ತಾವೇ ರೂಪಿಸಿದರು. ಅದರ ಮೊದಲ ರೂಪ 1978ರಲ್ಲಿ ಸಿದ್ಧವಾಯಿತು. ಬಳಿಕ ಅದರ ಆಧಾರದ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಅವರು ಲಾಟೆಕ್ ಎಂಬ ಇನ್ನಷ್ಟು ಸುಲಭವಾದ ವ್ಯವಸ್ಥೆಯನ್ನು ಮಾಡಿದರು. ಇವುಗಳಲ್ಲಿ ಲೇಖಕನು ಸಾಮಾನ್ಯ ಅಕ್ಷರಗಳಲ್ಲಿಯೇ, ಒಂದೇ ಸಾಲಿನಲ್ಲಿ, ಸಂಕೇತಗಳನ್ನು ಬರೆಯುತ್ತಾನೆ. ಎಡಕ್ಕೆ ಬಾಗಿದ ಒಂದು ಓರೆಗೆರೆಯನ್ನು ಇಟ್ಟು ಅದರ ಮುಂದೆ ಆಂಗಲ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಕೋನದ ಚಿಹ್ನೆ ಮೂಡುತ್ತದೆ. ಟ್ರೈಆಂಗಲ್ ಎಂದರೆ ತ್ರಿಭುಜ; ಸಿಮ್ ಎಂದರೆ ಸಮರೂಪದ ಅಲೆಗೆರೆ; ಕಾಂಗ್ ಎಂದರೆ ಸರ್ವಸಮತೆಯ ಗುರುತು; ಇಂಟ್ ಎಂದರೆ ಅನುಕಲನದ ಉದ್ದನೆಯ ಅಕ್ಷರ. ಭಿನ್ನರಾಶಿಯ ಅಂಶವನ್ನು ಮೇಲೇರಿಸುವ, ಛೇದವನ್ನು ಕೆಳಗಿಳಿಸುವ, ನಡುವೆ ಗೆರೆಯೆಳೆಯುವ ಕೆಲಸವನ್ನೆಲ್ಲ ಗಣಕವೇ ಮಾಡುತ್ತದೆ.

ಇಲ್ಲೊಂದು ಸೋಜಿಗವಿದೆ. ಗಣಕವು ಆ ಅಕ್ಷರಗಳನ್ನು ತನ್ನೊಳಗೆ ಇಟ್ಟುಕೊಳ್ಳುವುದು 0 ಮತ್ತು 1 ಎಂಬ ಎರಡೇ ಅಂಕಿಗಳ ರೂಪದಲ್ಲಿ. ಹೀಗಾಗಿ ಒಬ್ಬ ವಿದ್ಯಾರ್ಥಿ ಗಣಕದ ಮುಂದೆ ಕುಳಿತು ಎರಡು ತ್ರಿಭುಜಗಳು ಸರ್ವಸಮವೆಂದು ಬರೆದಾಗ, ಲೈಬ್ನಿಟ್ಸನ ಚಿಹ್ನೆಯ ಕಲ್ಪನೆಯು ಲೈಬ್ನಿಟ್ಸನೇ ವಿವರಿಸಿದ ಅಂಕಿಗಳಲ್ಲಿ ಸಾಗಿ, ಪುಟದ ಮೇಲೆ ಮೂಡುತ್ತದೆ.

ಹ್ಯಾನೋವರಿನ ಗ್ರಂಥಾಲಯದಲ್ಲಿ ಲೈಬ್ನಿಟ್ಸನ ಸುಮಾರು 15,000 ಪತ್ರಗಳಿವೆ. ಅವನು ಪತ್ರವ್ಯವಹಾರ ಮಾಡಿದವರ ಸಂಖ್ಯೆ 1,100ರಷ್ಟು. 2007ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಪತ್ರಗಳನ್ನು ವಿಶ್ವದ ಸ್ಮರಣೆಯ ಪಟ್ಟಿಗೆ ಸೇರಿಸಿತು. ಒಬ್ಬರಿಂದೊಬ್ಬರಿಗೆ ವಿಚಾರ ತಪ್ಪಿಲ್ಲದೆ ಮುಟ್ಟಬೇಕೆಂಬ ಹಂಬಲವೇ ಆ ಪತ್ರಗಳ ಹಿಂದೆಯೂ ಇದೆ, ಆ ಚಿಹ್ನೆಗಳ ಹಿಂದೆಯೂ ಇದೆ. ತನಗೆ ತಿಳಿದರೆ ಸಾಕೆಂದು ಅವನು ಎಣಿಸಲಿಲ್ಲ. ಓದುವವನಿಗೆ ತಿಳಿಯಬೇಕು, ಅಚ್ಚುಕೂಟದಲ್ಲಿ ನಿಂತು ದುಡಿಯುವವನ ಕೈಗೂ ಒಗ್ಗಬೇಕು ಎಂದು ಎಣಿಸಿದನು. ವಿದ್ಯೆಯು ಪರರ ಶ್ರಮವನ್ನು ಹಗುರಮಾಡುವಂತಿರಬೇಕು ಎಂಬ ಪಾಠವನ್ನು ನಾವು ಅವನ ಬಾಳಿನಿಂದ ಕಲಿಯಬೇಕಾಗಿದೆ. ಇನ್ನೊಮ್ಮೆ ನಿಮ್ಮ ಲೆಕ್ಕದ ಪುಸ್ತಕದಲ್ಲಿ ಅಲೆಗೆರೆಯನ್ನು ಎಳೆಯುವಾಗ ಅದನ್ನು ಸ್ಫುಟವಾಗಿ ಎಳೆಯಿರಿ. ಗುರುತಿಲ್ಲದ ಸಮಾಧಿಯಲ್ಲಿ ಮಲಗಿದ್ದ ಆ ಮಹನೀಯನಿಗೆ ಸಲ್ಲಬೇಕಾದ ಗೌರವ ಅದರಿಂದಲೇ ಸಲ್ಲುತ್ತದೆ.